ಎರಡು ರೆಸಾರ್ಟು, ಒಂದು ಪಂಕ್ತಿ

"ಹೆಲಿಕಾಪ್ಟರಿನ ತಿರುಪನ್ನೇ ಪಾಸು ಮಾಡೋ ಕಣ್ಣು ಕಣೇ ಇದು! ಜುಜುಬಿ ಜಾರುಬಂಡೆ ಪಾಸು ಮಾಡಕ್ಕಾಗಲ್ವಾ?"

ಗುಬ್ಬಿಯ ಬಾಡಿಗೆ ಮನೆಯ ನಡುಮನೆಯಲ್ಲಿ, ಒಂದು ಕೈ ಸೊಂಟದ ಮೇಲಿಟ್ಟು ಇನ್ನೊಂದನ್ನು ಆಕಾಶಕ್ಕೆತ್ತಿ ರೇಣುಕಾಪ್ರಸಾದ್ ಹೀಗೆ ಘೋಷಿಸಿದಾಗ, ಹೆಂಡತಿ ಅನುಪಮಾ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಕೈ ಇಳಿಸಿ. ಮೇಲೆ ಫ್ಯಾನ್ ಓಡ್ತಿದೆ."

ಕೈ ಇಳಿಯಿತು. ಸಂಕಲ್ಪ ಇಳಿಯಲಿಲ್ಲ! ಇಳಿಯುವಂತೆಯೂ ಇರಲಿಲ್ಲ. ಮಾವನ ಮನೆಯಲ್ಲಿ ಅವನ ಮರ್ಯಾದೆಯೇ ಈ ಸಲ ಪಣಕ್ಕೆ ಬಿದ್ದಿತ್ತು.

ಪ್ರತಿ ದಸರಾ ರಜೆಯಲ್ಲಿ ಮಾವ ಚನ್ನವೀರಯ್ಯನವರ ಇಡೀ ಬಳಗ ಬಸ್ಸು ಮಾಡಿಕೊಂಡು ಒಂದು ದಿನದ ಪ್ರವಾಸ ಹೋಗುತ್ತದೆ. ಎಲ್ಲಿಗೆ ಎಂದು ನಿರ್ಧರಿಸುವುದು ಅನುಪಮಾಳ ತಮ್ಮ ಕಿರಣ್‌ಕುಮಾರ್. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಟೈಲ್ಸ್ ಅಂಗಡಿ ಇಟ್ಟವನು, ಪೇಟೆಯ ಗಾಳಿ ಕುಡಿದವನು. ರೇಣುಕಾಪ್ರಸಾದ್ ಏನಾದರೂ ಸಲಹೆ ಕೊಡಲು ಬಾಯಿ ತೆರೆದರೆ, "ಭಾವಂಗೆ ಇದೆಲ್ಲ ಗೊತ್ತಾಗಲ್ಲ, ಪಾಪ" ಎಂದು ಅವನು ನಗುತ್ತಿದ್ದ. ಆ 'ಪಾಪ' ಎಂಬ ಎರಡಕ್ಷರ ರೇಣುಕಾಪ್ರಸಾದನ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು, ಶುದ್ಧ ಸಸ್ಯಾಹಾರಿಯಾದರೂ! ವಂಶದಲ್ಲೇ ಮೊದಲು ಡಿಗ್ರಿ ಮಾಡಿದವನು ಅವನು. ಮಠದ ಹಾಸ್ಟೆಲಿನಲ್ಲಿದ್ದುಕೊಂಡು ಓದಿ, ಬಿದರೆಹಳ್ಳಿ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗ ಸೇರಿದವನು. ಅವನು 'ಪಾಪ'ವೇ?

ಈ ವರ್ಷ ಮಾವನೇ ಫೋನು ಮಾಡಿದರು. "ಅಳಿಯಂದ್ರೇ, ಎರಡು ಹೊಸಾ ರೆಸಾರ್ಟ್ ಆಗವಂತೆ. ಕಿರಣ ಒಂದು ಹೇಳ್ತಾನೆ. ನೀವು ಎರಡೂ ನೋಡ್ಕಂಡು ಬಂದು ಯಾವ್ದು ವಾಸಿ ಹೇಳಿ. ನೀವು ಹೇಳಿದ್ದೇ ಫೈನಲ್ಲು."

ಕುಣಿಗಲ್ ರಸ್ತೆಯದು 'ಗಂಧರ್ವ ಜಲಲೋಕ'. ಕ್ಯಾತ್ಸಂದ್ರ ದಾಟಿದ ಮೇಲೆ ಹೆದ್ದಾರಿ ಪಕ್ಕದ್ದು 'ಬ್ಲೂ ಅಮೃತ'. ಎರಡಕ್ಕೂ ಹಾವು ಮುಂಗುಸಿ ಸಂಬಂಧ. "ಜಿಲ್ಲೆಯಲ್ಲೇ ಎತ್ತರದ ಜಾರುಬಂಡೆ!" ಎಂದು ಗಂಧರ್ವದವರು ಬೋರ್ಡು ಹಾಕಿದರೆ, ಅದರ ಎದುರಿಗೇ ಬ್ಲೂ ಅಮೃತದವರು "ಎತ್ತರ ನೋಡಿ ಮೋಸ ಹೋಗಬೇಡಿ!" ಎಂದು ಹಾಕಿದ್ದರು. ಕಿರಣ್‌ಕುಮಾರ್ ಆಗಲೇ ಬ್ಲೂ ಅಮೃತದ ಪಕ್ಷ. ಹೀಗಾಗಿ ರೇಣುಕಾಪ್ರಸಾದನ ನಿಷ್ಪಕ್ಷಪಾತ ಮನಸ್ಸು ತಾನಾಗಿಯೇ ಗಂಧರ್ವದ ಕಡೆ ವಾಲಿತು!

ಮೊದಲ ಭಾನುವಾರ ಗಂಧರ್ವಕ್ಕೆ ದಂಡಯಾತ್ರೆ ಹೊರಟಿತು. ಅನುಪಮಾ, ಮಗಳು ಭೂಮಿಕಾ, ಜೊತೆಗೆ ತಾಯಿ ಸರ್ವಮಂಗಳಮ್ಮ. "ನಂಗ್ಯಾಕ್ಲಾ ನೀರಾಟ? ಬ್ಯಾಗು ಕಾಯ್ತಾ ಕುಂತಿರ್ತೀನಿ" ಎಂದೇ ಅವರು ಕಾರು ಹತ್ತಿದ್ದು. ಊರಿನಲ್ಲಿ ಮದುವೆಯಾಗಲಿ ನಾಮಕರಣವಾಗಲಿ, ಊಟದ ಪಂಕ್ತಿಯ ಉಸ್ತುವಾರಿ ಅವರದೇ. ಮಠದ ದಾಸೋಹದಲ್ಲೂ ಬಡಿಸಿ ಪಳಗಿದ ಕೈ. ಆದರೆ ರೆಸಾರ್ಟಿನ ತಪಾಸಣೆಗೂ ಅದಕ್ಕೂ ಏನು ಸಂಬಂಧ? ಏನೂ ಇಲ್ಲ ಎಂದೇ ರೇಣುಕಾಪ್ರಸಾದ್ ನಂಬಿದ್ದ, ಪಾಪ!

ಒಳಗೆ ಹೋದ ಕೂಡಲೇ ನೈಲಾನ್ ಬಟ್ಟೆ ಕಡ್ಡಾಯ ಎಂದರು. ಅವನ ಸೊಂಟಕ್ಕೆ ಆಗುವಂಥದ್ದು ಬಾಡಿಗೆಗೆ ಉಳಿದಿದ್ದದ್ದು ಒಂದೇ: ಹಸಿರು ಗಿಣಿಗಳ ಚಿತ್ರವಿದ್ದ ಚಡ್ಡಿ. ತಪಾಸಣೆಗಾಗಿ ಯಾವ ತ್ಯಾಗಕ್ಕೂ ಸಿದ್ಧನಾಗಿದ್ದ ಅವನು ಅದನ್ನೇ ಧರಿಸಿ, ಜಾರುಬಂಡೆಯ ಬೆಸುಗೆ ತಟ್ಟಿ ನೋಡಿದ, ನೀರಿನ ಬಣ್ಣ ನೋಡಿದ, ನೀರಿನ ರುಚಿಯನ್ನೂ ನೋಡಿದ. ಕೊನೆಯದು ಮಾತ್ರ ಜಾರುವಾಗ ಬಾಯಿ ತೆರೆದಿದ್ದರಿಂದ ಆದದ್ದು.

"ಅಪ್ಪಾ, ಅಜ್ಜಿ ಅಲ್ಲಿ ಏನೋ ಮಾಡ್ತಿದೆ!" ಎಂದು ಭೂಮಿಕಾ ಓಡಿ ಬಂದಾಗ ಮಧ್ಯಾಹ್ನವಾಗಿತ್ತು.

ಆದದ್ದಿಷ್ಟು. ಊಟದ ಜಾಗದಲ್ಲಿ ಬಫೆ. ಜನ ಒದ್ದೆ ಬಟ್ಟೆಯಲ್ಲೇ ತಟ್ಟೆ ಹಿಡಿದು ನೂಕಾಡುತ್ತಿದ್ದರು. ವಯಸ್ಸಾದ ಒಬ್ಬ ಯಜಮಾನರು ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ತಟ್ಟೆ ಹಿಡಿದು, ಮುದ್ದೆ ಮುರಿಯಲು ಮೂರನೆಯ ಕೈ ಎಲ್ಲಿಂದ ತರುವುದೆಂದು ತಿಳಿಯದೆ ನಿಂತಿದ್ದರು. ಸರ್ವಮಂಗಳಮ್ಮನ ಕಣ್ಣಿಗೆ ಇಷ್ಟು ಬಿದ್ದದ್ದೇ ಸಾಕಾಯಿತು!

"ಇದೇನ್ರಪ್ಪಾ, ನಿಂತ್ಕಂಡು ಉಣ್ತಾವ್ರೆ? ಕುತ್ಕಳಿ, ಎಲ್ರೂ ಸಾಲಾಗಿ ಕುತ್ಕಳಿ! ಏ ಮಗಾ, ಆ ಯಜಮಾನ್ರಿಗೆ ಗೋಡೆ ಕಡೆ ಜಾಗ ಬುಡು!"

ಆ ಕಂಠಕ್ಕೆ ಎದುರಾಡಿದವರು ಊರಲ್ಲೇ ಇರಲಿಲ್ಲ, ರೆಸಾರ್ಟಿನಲ್ಲಿ ಎಲ್ಲಿಂದ ಬರಬೇಕು? ಒಬ್ಬರು ಕೂತರು. ಅವರ ಪಕ್ಕ ಇನ್ನೊಬ್ಬರು. ರೇಣುಕಾಪ್ರಸಾದ್ ಬಂದು ನೋಡುವಾಗ ಕಾಲೇಜು ಹುಡುಗರು, ಬಾಣಂತಿಯರು, ಕಪ್ಪು ಕನ್ನಡಕದ ಸಾಹೇಬರು, ಎಲ್ಲರೂ ಎರಡು ಸಾಲಾಗಿ ಚಕ್ಕಂಬಕ್ಕಳ ಹಾಕಿ ಕೂತಿದ್ದರು! ನಡುವೆ ಸೆರಗು ಸಿಕ್ಕಿಸಿ ಪಲ್ಯ ಬಡಿಸುತ್ತ ಸಾಗಿದ್ದರು ಅವನ ಹೆತ್ತ ತಾಯಿ.

"ಅಮ್ಮಾ! ಇದು ಮಠ ಅಲ್ಲಮ್ಮಾ, ರೆಸಾರ್ಟು!"

"ಹಸಿವು ಎರಡು ಕಡೆನೂ ಒಂದೇ ಕಣ್ಲಾ. ಸುಮ್ಕೆ ನಿಂತಿದ್ದೀಯ, ಆ ಸಾಂಬಾರ್ ಬಕೀಟು ಹಿಡಿ!"

ಬೇಡ ಎನ್ನಬೇಕೆಂದೇ ಅವನು ಬಾಯಿ ತೆರೆದ. ಆದರೆ ಹಾಸ್ಟೆಲಿನಲ್ಲಿ ಸರದಿ ಪ್ರಕಾರ ಬಡಿಸಿ ಬೆಳೆದ ಕೈ ಅವನ ಮಾತನ್ನು ಕೇಳಲೇ ಇಲ್ಲ. ತಾನಾಗಿಯೇ ಬಕೆಟ್ಟು ಹಿಡಿಯಿತು, ಸೊಂಟ ತಾನಾಗಿಯೇ ಬಾಗಿತು, ಗಿಣಿ ಚಡ್ಡಿಯಲ್ಲೇ ಸಾಂಬಾರು ಸೇವೆ ಆರಂಭವಾಯಿತು!

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಅದೇ ಹೊತ್ತಿಗೆ ಭೋಂ ಎಂದು ಸೈರನ್ ಕೂಗಿತು. ಗಂಧರ್ವದ ಹೆಮ್ಮೆಯಾದ ಅಲೆ ಕೊಳದಲ್ಲಿ ಕೃತಕ ಅಲೆ ಎಬ್ಬಿಸುವ ಸೂಚನೆ ಅದು. ಹುಡುಗರು ಧಡಬಡ ಏಳಹೋದರು.

"ಏಯ್! ಪಂಕ್ತಿ ಮುರೀಬಾರ್ದು! ಯಜಮಾನ್ರು ಇನ್ನೂ ಮಜ್ಜಿಗೆ ಕುಡೀತಾವ್ರೆ. ಅವ್ರು ಎದ್ದ ಮೇಲೆ ನೀವು!"

ಎದ್ದವರು ಹಾಗೇ ಕೂತರು. ಅತ್ತ ಕೊಳದಲ್ಲಿ ಅಲೆಗಳು ಎದ್ದವು, ಬಿದ್ದವು, ಮತ್ತೆ ಎದ್ದವು. ಅದರಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ! ಒಂದು ರಬ್ಬರ್ ಟ್ಯೂಬು ಮಾತ್ರ ಒಂಟಿಯಾಗಿ ಮೇಲೆ ಕೆಳಗೆ ಆಡುತ್ತಿತ್ತು. ಮ್ಯಾನೇಜರು ಓಡಿ ಬಂದ. "ಸಾರ್, ಕರೆಂಟು ಸುಮ್ನೆ ಹಾಳಾಗ್ತಿದೆ ಸಾರ್! ನಿಮ್ಮಮ್ಮಂಗೆ ಹೇಳಿ ಸಾರ್!"

"ನೀವೇ ಹೇಳಿ ನೋಡಿ" ಎಂದ ರೇಣುಕಾಪ್ರಸಾದ್, ಅನುಭವಸ್ಥನ ದನಿಯಲ್ಲಿ.

ಮ್ಯಾನೇಜರು ಹೋಗಿ ಹೇಳಿದ. ಮರುಗಳಿಗೆಯಲ್ಲಿ ಮ್ಯಾನೇಜರೂ ಪಂಕ್ತಿಯ ಕೊನೆಯಲ್ಲಿ ಕೂತಿದ್ದ! "ಬೆಳಗ್ಗಿಂದ ಏನೂ ತಿಂದಿಲ್ವಂತೆ ಪಾಪದವ್ನು, ಮುಖ ನೋಡು ಹೆಂಗ್ ಬಾಡೈತೆ. ಏನ್ಲಾ ಪ್ರಸಾದ, ಇವ್ನಿಗೂ ಬುಡು ಸಾಂಬಾರು."

ಸಂಜೆ ಮನೆ ಸೇರುವ ಮೊದಲೇ ವಿಡಿಯೊ ಮಾವನ ಮನೆಯ ವಾಟ್ಸ್ಯಾಪ್ ಗುಂಪು ಸೇರಿತ್ತು. ಯಾವನೋ ಪುಣ್ಯಾತ್ಮ ತೆಗೆದು ಹರಿಬಿಟ್ಟಿದ್ದ. ಕಿರಣ್‌ಕುಮಾರ್ ಅದರ ಕೆಳಗೆ ಬರೆದಿದ್ದ: "ಭಾವ ರೆಸಾರ್ಟ್ ಪರಿಶೀಲನೆ ಮಾಡುತ್ತಿರುವ ದೃಶ್ಯ." ಅದರ ಕೆಳಗೆ ನಗುವ ಮುಖಗಳ ಮೆರವಣಿಗೆ! ಮಾವನಿಂದ ಮಾತ್ರ ಒಂದಕ್ಷರವಿಲ್ಲ. ಆ ಮೌನವೇ ರೇಣುಕಾಪ್ರಸಾದನಿಗೆ ಹೆಚ್ಚು ಚುಚ್ಚಿತು.

"ಮುಗೀತು ಕಣೇ. ಇನ್ನು ಸಾಯೋವರ್ಗೂ ನಿನ್ನ ತಮ್ಮನೇ ಟೂರ್ ಮಂತ್ರಿ."

"ಅದ್ಯಾಕೆ? ನಂಗೇನೋ ನೀವು ಚೆನ್ನಾಗೇ ಕಂಡ್ರಿ. ಆ ಚಡ್ಡಿ ಒಂದು ಬಿಟ್ಟು."

ಮುಂದಿನ ಭಾನುವಾರ ಬ್ಲೂ ಅಮೃತದ ಸರದಿ. ಮಾನ ಉಳಿಸಿಕೊಳ್ಳಲು ಇದೊಂದೇ ಅವಕಾಶ. ಅಮ್ಮನನ್ನು ಬಿಟ್ಟು ಹೋಗೋಣವೆಂದರೆ ಭೂಮಿಕಾ, "ಅಜ್ಜಿ ಬರ್ದಿದ್ರೆ ನಾನೂ ಬರಲ್ಲ" ಎಂದು ಹಟ ಹಿಡಿದಳು. ಕೊನೆಗೆ ರೇಣುಕಾಪ್ರಸಾದ್ ಬ್ರಹ್ಮಾಸ್ತ್ರ ತೆಗೆದ. ತಾಯಿಯ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡ.

"ಆಣೆ ಮಾಡಮ್ಮಾ. ಅಲ್ಲಿ ಸೌಟು ಮುಟ್ಟಲ್ಲ ಅಂತ!"

ಸರ್ವಮಂಗಳಮ್ಮ ಮಗನ ಮುಖವನ್ನೇ ನೋಡಿದರು. "ಆಯ್ತು ಬುಡಪ್ಪ. ನಿನ್ನಾಣೆಗೂ ಸೌಟು ಮುಟ್ಟಲ್ಲ."

ಬ್ಲೂ ಅಮೃತದ ಬಾಗಿಲಲ್ಲೇ ಮಾವ ಚನ್ನವೀರಯ್ಯ ನಿಂತಿದ್ದರು. ಪಕ್ಕದಲ್ಲಿ ಕಿರಣ್‌ಕುಮಾರ್, ತಾನೇ ಕಟ್ಟಿಸಿದ ರೆಸಾರ್ಟು ಎಂಬ ಠೀವಿಯಲ್ಲಿ. "ಬನ್ನಿ ಭಾವ! ನಿಮ್ಮ ಪರಿಶೀಲನೆ ಲೈವ್ ನೋಡೋಣ ಅಂತ ಅಪ್ಪನ್ನೂ ಕರ್ಕೊಂಡ್ ಬಂದೆ."

ಈ ಸಲ ಪ್ಯಾಂಟು ಬಿಚ್ಚದೆಯೇ, ಗಂಭೀರವಾಗಿ, ಕೈ ಹಿಂದೆ ಕಟ್ಟಿಕೊಂಡು ರೇಣುಕಾಪ್ರಸಾದ್ ತಪಾಸಣೆ ನಡೆಸಿದ. ಮಾವ ಪಕ್ಕದಲ್ಲೇ ನಡೆದರು. "ಇಲ್ಲಿ ಮೆಟ್ಟಿಲಿನ ಅಂಚು ಚೂಪಿದೆ ಮಾವ. ಗಂಧರ್ವದಲ್ಲಿ ರಬ್ಬರ್ ಹಾಕಿದಾರೆ. ಆದ್ರೆ ನೆರಳು ಇಲ್ಲಿ ಜಾಸ್ತಿ." ಮಾವ ಹೂಂಗುಟ್ಟಿದರು. ಮರ್ಯಾದೆ ಮೆಲ್ಲಗೆ ಚಿಗುರುವ ಸದ್ದು ಅವನಿಗೆ ಕೇಳಿಸಿತು!

ಊಟದ ಜಾಗಕ್ಕೆ ಬಂದರೆ, ಅಲ್ಲಿ ಜಮಖಾನ ಹಾಸಿತ್ತು! ಅದರ ಮುಂದೆ ಸಾಲು ಸಾಲು ಬಾಳೆಲೆ. ಆಗಲೇ ಜನ ಕೂತು ಕಾಯುತ್ತಿದ್ದರು. ಮೇಲೆ ಹೊಸ ಬ್ಯಾನರು: "ಪಂಕ್ತಿ ಊಟ ಈಗ ನಮ್ಮಲ್ಲಿ! ಬರೀ ನೆಲವಲ್ಲ, ಜಮಖಾನ!"

ಇಲ್ಲಿನ ಮ್ಯಾನೇಜರ್ ರವೀಶ್ ಓಡಿ ಬಂದು ಸರ್ವಮಂಗಳಮ್ಮನ ಕಾಲಿಗೇ ಬಿದ್ದ. "ಅಮ್ಮಾ, ವಿಡಿಯೊ ನೋಡಿದ್ವಿ. ಇವತ್ತು ಬರೋ ಜನ ಎಲ್ಲ ಇದನ್ನೇ ಕೇಳ್ತಾವ್ರೆ. ಗಂಧರ್ವದೋರ್ಗೆ ಬಡಿಸಿದ್ದೀರಿ, ನಮಗೂ ಒಂದು ಸಲ ಬಡಿಸಿ!"

"ಆಗಲ್ಲ ಕಣಪ್ಪ. ನನ್ನ ಮಗ ಆಣೆ ಹಾಕ್ಸವ್ನೆ, ಸೌಟು ಮುಟ್ಟಬ್ಯಾಡ ಅಂತ."

ಇಡೀ ಪಂಕ್ತಿ ಒಟ್ಟಿಗೆ ತಿರುಗಿ ರೇಣುಕಾಪ್ರಸಾದನನ್ನು ನೋಡಿತು. ತಾಯಿಯ ಕೈ ಕಟ್ಟಿಹಾಕಿದ ಪಾಪಿಯನ್ನು ನೋಡುವ ನೋಟ! ಮಾವನೂ ನೋಡಿದರು. ಕಿರಣ್‌ಕುಮಾರ್ ಮೀಸೆಯಡಿಯಲ್ಲಿ ನಕ್ಕ.

"ಅಮ್ಮಾ, ಆಣೆ ವಾಪಸ್ ತಗೊಂಡೆ, ಬಡಿಸಮ್ಮಾ" ಎಂದು ಅವನು ಪಿಸುಗುಟ್ಟಿದ.

"ವಾಪಸ್ ತಗಳಾಕೆ ಆಣೆ ಏನು ಅಂಗಡಿ ಸೀರೆಯೇನ್ಲಾ? ನಿನ್ನ ತಲೆ ಮ್ಯಾಲೆ ಕೈ ಇಟ್ಟಿವ್ನಿ, ನಿಂಗೇನಾರ ಆದ್ರೆ?" ಎಂದ ಸರ್ವಮಂಗಳಮ್ಮ ಪಂಕ್ತಿಯ ತುದಿಯಲ್ಲಿದ್ದ ಕುರ್ಚಿಯ ಮೇಲೆ ಕೂತರು. ಸೆರಗು ಸರಿ ಮಾಡಿಕೊಂಡರು. "ಸೌಟು ನಾನು ಮುಟ್ಟಲ್ಲ. ನೀನು ಮುಟ್ಟು! ನಾನು ಬಾಯಲ್ಲಿ ಹೇಳ್ತೀನಿ. ಮೊದ್ಲು ಉಪ್ಪು. ಎಡಗಡೆ ತುದಿಗೆ!"

ಅವರ ಬಾಯಿ ಹೇಳಿತು, ಅವನ ಕೈ ಮಾಡಿತು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ. "ಪಲ್ಯ ಎಲೆ ಮ್ಯಾಲೆ ಎಸೀಬ್ಯಾಡ, ಇಡು!" "ಆ ಕೂಸಿಗೆ ಪಾಯಸ ಹಾಕೋದೇ ಮರ್ತೆ!" "ಬಗ್ಗು, ಬಗ್ಗು! ಸೊಂಟ ಏನು ಮುರ್ದೋಗಲ್ಲ!" ಅತ್ತ ಅನುಪಮಾ ನೀರಿನ ಜಗ್ಗು ಹಿಡಿದಳು. ಭೂಮಿಕಾ ಹಪ್ಪಳ ಹಂಚಿದಳು. ಪಂಕ್ತಿಯ ತುದಿಯಲ್ಲಿ, ಎರಡು ಕೈಯನ್ನೂ ಮಡಿಲಲ್ಲಿಟ್ಟು ಕೂತ ಆ ತಾಯಿ ಒಂದು ಹುಬ್ಬು ಎತ್ತಿದರೆ ಇಡೀ ರೆಸಾರ್ಟು ಅಲುಗುತ್ತಿತ್ತು. ಮೈಯೆಲ್ಲ ಬೆವೆತು ನೀರಾಗಿದ್ದರೂ ರೇಣುಕಾಪ್ರಸಾದನ ಎದೆ ಯಾಕೋ ಉಬ್ಬಿ ಬಂತು. ಇಂಥ ಉಸ್ತುವಾರಿಯನ್ನು ಯಾವ ಕಾರ್ಖಾನೆಯಲ್ಲೂ ಅವನು ಕಂಡಿರಲಿಲ್ಲ. ಮತ್ತು ಅದು ಅವನ ಅಮ್ಮ!

ಚನ್ನವೀರಯ್ಯನವರೂ ಎಲೆಯ ಮುಂದೆ ಕೂತರು. ಲೋಕದಲ್ಲೆಲ್ಲ ಅಳಿಯ ಕೂತು ಮಾವನ ಮನೆಯವರು ಬಡಿಸುವುದು ಪದ್ಧತಿ. ಇಲ್ಲಿ ಅಳಿಯ ಬಗ್ಗಿ ಮಾವನಿಗೆ ಅನ್ನ ಬಡಿಸುತ್ತಿದ್ದ! ಅವಮಾನದಿಂದ ಕಿವಿ ಕೆಂಪಾಯಿತು. ಮಾವ ಮಾತ್ರ ಕಣ್ಣು ಮುಚ್ಚಿ ಮೊದಲ ತುತ್ತು ನುಂಗಿ ನಿಟ್ಟುಸಿರು ಬಿಟ್ಟರು.

"ಇಷ್ಟ್ ವರ್ಷ ಈ ಕಿರಣನ ಹಿಂದೆ ಹೋಗಿ, ತಟ್ಟೆ ಹಿಡ್ಕಂಡು ನಿಂತು ನಿಂತು ಮೊಣಕಾಲು ಸವೆದೋಗಿತ್ತು ಅಳಿಯಂದ್ರೇ. ಯಾರ್ಗೂ ಹೇಳ್ಕಂಡಿರ್ಲಿಲ್ಲ. ಆ ವಿಡಿಯೊ ನೋಡಿ ನಾನೂ ಹಂಗೆ ಕುಂತು ಉಣ್ಬೇಕು ಅಂತ್ಲೇ ಬಂದಿದ್ದು ಕಣ್ರೀ!"

ಪಕ್ಕದ ಎಲೆಗೆ ಕೂತಿದ್ದ ಕಿರಣ್‌ಕುಮಾರನ ನಗು ಕೋಸಂಬರಿಯಲ್ಲಿ ಬಿದ್ದುಹೋಯಿತು. ರೇಣುಕಾಪ್ರಸಾದನಿಗೆ ರೆಕ್ಕೆ ಬಂದಂತಾಯಿತು. "ಹಾಗಾದ್ರೆ ಮಾವ, ಎರಡು ರೆಸಾರ್ಟಲ್ಲಿ ಯಾವ್ದು ಅಂತ ನಾನೀಗ…"

"ನೀವ್ಯಾಕೆ ಹೇಳ್ತೀರಿ? ಬೀಗಿತ್ತಿ ಹೇಳ್ಲಿ! ಇನ್ಮೇಲೆ ಪ್ರತಿ ವರ್ಷನೂ ಅವ್ರು ಹೇಳಿದ್ದೇ ಫೈನಲ್ಲು. ಅವ್ರು ಎಲ್ಲಿ ಪಂಕ್ತಿ ಹಾಕುಸ್ತಾರೋ ಅದೇ ನಮ್ಮ ಟೂರು!"

ಬಂದ ರೆಕ್ಕೆ ಹಾಗೇ ಉದುರಿತು. ಅಷ್ಟರಲ್ಲಿ ಮ್ಯಾನೇಜರ್ ರವೀಶ್ ಮೊಬೈಲು ಎತ್ತಿ ಹಿಡಿದು ಹತ್ತಿರ ಬಂದ. ದೀಪ ಝಗ್ಗೆಂದಿತು. "ಸಾರ್, ಗಂಧರ್ವ ಹೆಂಗೆ, ನಮ್ದು ಹೆಂಗೆ? ಎರಡೂ ನೋಡಿರೋ ಅನುಭವಸ್ಥರು ತಾವು. ಹೋಲಿಸಿ ಒಂದು ಅಭಿಪ್ರಾಯ ಹೇಳಿ ಸಾರ್. ನಮ್ಮ ಪೇಜಿಗೆ ಹಾಕ್ತೀವಿ!"

ಎಷ್ಟು ದಿನದಿಂದ ಕಾಯುತ್ತಿದ್ದ ಪ್ರಶ್ನೆ! ರೇಣುಕಾಪ್ರಸಾದ್ ಬೆನ್ನು ನೆಟ್ಟಗೆ ಮಾಡಿದ. ಗಂಟಲು ಸರಿ ಮಾಡಿಕೊಂಡ. "ನೋಡಿ, ಎರಡೂ ರೆಸಾರ್ಟುಗಳನ್ನ ನಿಷ್ಪಕ್ಷಪಾತವಾಗಿ…"

"ಏನ್ಲಾ ಪ್ರಸಾದ! ಮಾತಾಡ್ತಾ ನಿಂತ್ಯಾ? ನಿಮ್ಮಾವನ ಎಲೆ ನೋಡು, ಸಾಂಬಾರಿಲ್ದೆ ಬರೀ ಅನ್ನ ಕುಂತೈತೆ!"

"ಬಂದೆ ಅಮ್ಮಾ!" ಎಂದ ರೇಣುಕಾಪ್ರಸಾದ್ ಬಕೆಟ್ಟು ಎತ್ತಿಕೊಂಡ. ಓಡುತ್ತಲೇ ಸೌಟಿನಿಂದ ಅಮ್ಮ ಕೂತಿದ್ದ ಕುರ್ಚಿಯ ಕಡೆ ತೋರಿಸಿದ.

"ನಂದು ಸಾಂಬಾರ್ ಸೆಕ್ಷನ್ನು ಸಾರ್. ಅಭಿಪ್ರಾಯ ಎಲ್ಲ ಅಲ್ಲಿ ಕೇಳಿ!"