ಯಜಮಾನರು ಕರಣೆ ಹಿಡಿದರೆ

ಓದು ಬಿಟ್ಟು, ಒಂದು ಕೆಲಸದಲ್ಲೂ ನಿಲ್ಲದೆ ಅಲೆದವನಿಗೆ ಬೇರೇನೂ ಸಿಗದಿದ್ದರೂ ನಗುವುದಕ್ಕೆ ಏನಾದರೂ ಸಿಗುತ್ತಲೇ ಇರುತ್ತದೆ. ನನಗೆ ಹೆಚ್ಚು ಸಿಕ್ಕಿದ್ದು ಕೆಸರೆಯಲ್ಲಿ, ಅಕ್ಕಿ ಮಿಲ್ಲೊಂದು ಏಳುತ್ತಿದ್ದಾಗ. ಅದರ ಕಂಟ್ರಾಕ್ಟು ಹಿಡಿದವರು ಅಗ್ರಹಾರದವರು; ನಮಗೆಲ್ಲ ಯಜಮಾನರು.

ಸೇರಿದ್ದು

"ಎಷ್ಟು ಕಡೆ ಕೆಲಸ ಬಿಟ್ಟಿದ್ದೀಯೋ?" ಅಂತ ಕೇಳಿದರು.

"ನೆನಪಿಲ್ಲ ಸ್ವಾಮಿ. ಪ್ರೆಸ್ಸು, ಹೋಟ್ಲು, ಗ್ಯಾರೇಜು, ಸರ್ಕಸ್ಸು..."

"ಹಾಗಾದ್ರೆ ಕೆಲಸ ಎಲ್ಲೆಲ್ಲಿ ಕೆಡುತ್ತೆ ಅಂತ ನಿಂಗೆ ಚೆನ್ನಾಗಿ ಗೊತ್ತಿರುತ್ತೆ. ಮೇಲ್ವಿಚಾರಣೆ ನೋಡ್ಕೋ."

ಕರಣೆ

ಮೇಲ್ವಿಚಾರಣೆ ಎಂದರೆ ಜಗಳ ಬಿಡಿಸುವುದು ಅಂತ ಆಮೇಲೆ ತಿಳಿಯಿತು. ಚೌಕಟ್ಟು ನಿಲ್ಲಿಸದೆ ಗೋಡೆ ಎಬ್ಬಿಸಲ್ಲ ಅಂತ ಗಾರೆ ಮೇಸ್ತ್ರಿ. ಗೋಡೆ ಏಳದೆ ಚೌಕಟ್ಟು ತರಲ್ಲ ಅಂತ ಬಡಗಿ. ಇಬ್ಬರೂ ಬೀಡಿ ಹಚ್ಚಿ ಕೂತರು. ಮಿಲ್ಲಿನ ಸಾಹುಕಾರರು ಮುಹೂರ್ತ ಇಡಿಸಿಬಿಟ್ಟಿದ್ದರು. ಅವತ್ತು ಎಂಜಿನ್ ತಿರುಗಿದರೆ ಅವರು ಕಡಕೊಳದಲ್ಲಿ ಕಟ್ಟಿಸಲಿರುವ ಮಿಲ್ಲೂ ನಮಗೇ. ಇಲ್ಲದಿದ್ದರೆ ಬೇರೆಯವರಿಗೆ.

ನಾನು ಕೂಗಾಡಿ ಸೋತೆ. ಯಜಮಾನರು ಪಂಚೆ ಎತ್ತಿ ಕಟ್ಟಿ, ಮೇಸ್ತ್ರಿಯ ಕರಣೆ ತಗೊಂಡು ತಾವೇ ಇಟ್ಟಿಗೆ ಜೋಡಿಸತೊಡಗಿದರು. ಗೋಡೆ ಹಾವಿನ ಹಾಗೆ ಹರಿಯಿತು.

ಮೇಸ್ತ್ರಿಗೆ ಬೀಡಿ ರುಚಿಸಲಿಲ್ಲ. "ಅಯ್ಯೋ ಬುಡಿ ಬುದ್ಧಿ! ನೋಡ್ದೋರು ಇದು ನಾನ್ ಕಟ್ಟಿದ್ದು ಅಂದ್ಕತಾರೆ!" ಅಂತ ಕರಣೆ ಕಿತ್ತುಕೊಂಡ.

ಯಜಮಾನರು ಕೈ ಒರೆಸಿಕೊಂಡು, "ಉಳಿ ಎಲ್ಲಿದೆಯಪ್ಪ?" ಅಂದರು. ಬಡಗಿ ಉಳಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೇ ಚೌಕಟ್ಟು ತರಲು ಓಡಿದ.

ಎಂಜಿನ್

ಮುಹೂರ್ತ ಭಾನುವಾರ ಬೆಳಿಗ್ಗೆ. "ಚರ್ಚಲ್ಲಿ ಪೂಜೆ ಮುಗಿಸ್ಕೊಂಡು ಬಂದ್ಬುಡ್ತೀನಿ" ಅಂತ ಹೋದ, ಎಂಜಿನ್ ನಡೆಸಬೇಕಾದ ಫಿಟ್ಟರು ಪತ್ತೆಯಿಲ್ಲ. ಹೊರಗೆ ಸಾಹುಕಾರರು ಭತ್ತದ ಮೊರ ಹಿಡಿದು ನಿಂತಿದ್ದಾರೆ, ಪುರೋಹಿತರು ಹೊತ್ತು ಮೀರಿತು ಅಂತ ಕೂಗುತ್ತಿದ್ದಾರೆ. ಎಂಜಿನ್ ಕೋಣೆಯಲ್ಲಿ ಯಜಮಾನರು, ನಾನು, ಇಬ್ಬರೇ.

ಯಜಮಾನರು ಅಭ್ಯಾಸಬಲದಿಂದ ಹ್ಯಾಂಡಲ್ಲಿಗೆ ಕೈ ಹಾಕಿದರು. ಯಾರಾದರೂ ಬಂದು ಕಿತ್ತುಕೊಳ್ಳಲಿ ಅಂತ ಬಾಗಿಲ ಕಡೆ ನೋಡಿದರು. ಯಾರೂ ಬರಲಿಲ್ಲ. ಬೇರೆ ದಾರಿ ಕಾಣದೆ ತಿರುಗಿಸಿದರು.

ಎಂಜಿನ್ ಗುಡುಗಿತು! ಹೊರಗೆ ಚಪ್ಪಾಳೆ. "ಕಡಕೊಳದ್ದೂ ನಿಮ್ಗೇ ಕಣ್ರೀ!" ಅಂತ ಸಾಹುಕಾರರ ದನಿ.

ಯಜಮಾನರು ಬೆವರುತ್ತಾ ನನ್ನ ತೋಳು ಹಿಡಿದರು. "ಇದನ್ನ ನಿಲ್ಲಿಸೋದು ಹ್ಯಾಗೋ?"

ಅಷ್ಟರಲ್ಲಿ ಫಿಟ್ಟರು ಹಿಂಬಾಗಿಲಿಂದ ನುಗ್ಗಿ ಬಂದ. "ಯಾರು ಸ್ವಾಮಿ ಸ್ಟಾರ್ಟ್ ಮಾಡಿದ್ದು?"

ಯಜಮಾನರು ಅವನ ಬಾಯಿ ಮುಚ್ಚಿದರು. "ಮೆಲ್ಲಗೆ ಕಣಪ್ಪ! ಕೇಳಿದ್ರೆ ನೀನೇ ಅಂತ ಹೇಳು. ನಂಗೂ ಒಂದು ಕೆಲಸ ಬರುತ್ತೆ ಅಂತ ಗೊತ್ತಾದ್ರೆ, ಕಡಕೊಳದಲ್ಲಿ ಯಾರೋ ನನ್ನ ಕೈಯಿಂದ ಕರಣೆ ಕಿತ್ಕೊಳ್ಳೋರು?"