ಇಡ್ಲಿ ಹಬೆಯಲ್ಲೊಂದು ವಿರಹಗೀತೆ

ನನ್ನ ಅಕ್ಕನ ಗಂಡನಿಗೆ, ಅಂದರೆ ನಮ್ಮ ಭಾವನಿಗೆ, ಪ್ರೇಮವೈಫಲ್ಯದ ಗಂಧಗಾಳಿಯೂ ಇಲ್ಲ. ಹೆಣ್ಣು ನೋಡಲು ಬಂದ ದಿನ ಅಕ್ಕ ಮಾಡಿದ ಉಪ್ಪಿಟ್ಟನ್ನು ಎರಡನೆಯ ಸಲ ಬಡಿಸಿಕೊಂಡು, ಬಾಯಿ ಒರೆಸಿಕೊಳ್ಳುವ ಮೊದಲೇ ಒಪ್ಪಿಗೆ ಎಂದವರು. ಫರೀದಾಬಾದಿನಲ್ಲಿ ಹೋಟೆಲು ಇಟ್ಟ ಮೇಲೆ ಈರುಳ್ಳಿಯ ಹೊರತು ಬೇರೆ ಯಾವುದಕ್ಕೂ ಕಣ್ಣೀರು ಹಾಕಿದವರಲ್ಲ. ಇಂಥವರು ಕಳೆದ ಮೇ ತಿಂಗಳ ಬಿಸಿಲಲ್ಲಿ ಒಂದು ವಿರಹಗೀತೆಯ ವಿಡಿಯೊ ನಿರ್ದೇಶಿಸಿದರು ಎಂದರೆ ನಂಬುತ್ತೀರಾ? ನಂಬಲೇಬೇಕು. ಯಾವ ಶಾಟಿನಲ್ಲಿ ಯಾವ ವಸ್ತು ಎಲ್ಲಿತ್ತೆಂದು ನೆನಪಿಡುವ ಕೆಲಸ ನನ್ನದೇ ಆಗಿತ್ತು.

ಹಾಡು ಅವರ ಮಗಳದು. ಮದುವೆಯಾಗುತ್ತೇನೆಂದಿದ್ದ ಹುಡುಗ ಕೈಕೊಟ್ಟ ಮೇಲೆ ಅವಳು ಕೋಣೆ ಸೇರಿದ್ದಳು. ಅಕ್ಕ ಕಳಿಸಿದ ತಟ್ಟೆಗಳು ಹೋದಂತೆಯೇ ವಾಪಸಾಗುತ್ತಿದ್ದವು. ಒಳಗಿನಿಂದ ಬರುತ್ತಿದ್ದುದು ಗಿಟಾರು ಮತ್ತು ಅರ್ಧ ಕನ್ನಡ, ಅರ್ಧ ಹಿಂದಿಯ ಒಂದು ಹಾಡು ಮಾತ್ರ. ಭಾವ ಬಾಗಿಲಿಗೆ ಮೊಬೈಲು ಆನಿಸಿ ಅದನ್ನು ರೆಕಾರ್ಡ್ ಮಾಡಿಕೊಂಡರು. ಚರಣದ ನಡುವೆ ಅಕ್ಕನ ಕುಕ್ಕರ್ ಕೂಗುತ್ತದೆ.

"ಇದಕ್ಕೆ ಸಿನಿಮಾ ಹಾಗೆ ವಿಡಿಯೊ ಮಾಡುವ ಮಾರಾಯ್ತಿ," ಎಂದರು ನನಗೆ. "ನೋಡಲಿಕ್ಕಾದರೂ ಹೊರಗೆ ಬಂದಾಳು. ಮಂಜು ಬೇಕು. ಹೀರೋ ಮಂಜಿನೊಳಗೆ ಹೋಗಿಬಿಡಬೇಕು."

"ಮೇ ತಿಂಗಳಲ್ಲಿ ಮಂಜು ಎಲ್ಲಿಂದ ತರ್ತೀರಿ ಭಾವಾ?"

ಅವರು ನನ್ನನ್ನು ಕರುಣೆಯಿಂದ ನೋಡಿದರು. "ಕಾನ್ವೆಂಟಲ್ಲಿ ನಿಂಗೆ ಏನು ಕಲಿಸಿದ್ರು? ನಮ್ಮ ಇಡ್ಲಿ ಸ್ಟೀಮರ್ ಇರುವುದು ಯಾಕೆ?"

ಹೀರೋ ಸಿಕ್ಕಿದ. ಭಾನುವಾರದ ದೋಸೆಗೆ ಗುರುಗ್ರಾಮದಿಂದ ಬರುವ ಐಟಿ ಹುಡುಗ. ಭಾವನಿಗೆ ಇಲ್ಲ ಎನ್ನಲು ಅವನಿಗೆ ಸಂಕೋಚ. ಅವನಿಗೆ ಕಪ್ಪು ಕೋಟು ತರಲು ದಿಲ್ಲಿಯ ಸರೋಜಿನಿ ನಗರದ ಅಗ್ಗದ ಬಟ್ಟೆ ಮಾರ್ಕೆಟ್ಟಿಗೆ ಹೋದೆವು. ಭಾವ ಅಂಗಡಿಯವನ ಭುಜದ ಮೇಲೆ ಕೈಯಿಟ್ಟರು. "ಭಯ್ಯಾ, ಹೀರೋ ಮರ್‌ನೇ ವಾಲಾ ಹೈ. ಏಕ್ ಹೀ ಬಾರ್ ಪೆಹನೇಗಾ. ಥೋಡಾ ಕಮ್ ಕರೋ." ಸಾಯಲಿರುವವನು ಒಂದೇ ಸಲ ತೊಡುವ ಕೋಟು ಎಂದು ಕೇಳಿ ಅಂಗಡಿಯವನು ಗಾಬರಿಯಿಂದ ನನ್ನ ಮುಖ ನೋಡಿದ. ಸತ್ಯ ಹೇಳುವುದೋ ಬೇಡವೋ? ನಾನು ದುಃಖದಿಂದ ತಲೆ ತಗ್ಗಿಸಿದೆ. ಬೆಲೆ ಕಮ್ ಆಯಿತು.

ನಾಯಕಿ ಸಿಗಲಿಲ್ಲ. ಟೇಬಲ್ ಫ್ಯಾನಿಗೆ ಅಕ್ಕನ ದುಪಟ್ಟಾ ಕಟ್ಟಿ ಹಾರಿಸಿ, "ಇವಳೇ," ಎಂದರು ಭಾವ.

ಮಧ್ಯಾಹ್ನ ಹೋಟೆಲು ಖಾಲಿಯಾದ ಮೇಲೆ ಚಿತ್ರೀಕರಣ. ಸ್ಟೀಮರಿನ ಮುಚ್ಚಳ ತೆಗೆದರೆ ಮಂಜೇನೋ ಸಮೃದ್ಧವಾಗಿ ಬಂತು, ಆದರೆ ಘಮಘಮಿಸುತ್ತ ಬಂತು. ಹೀರೋ ಅಳುವುದು ಬಿಟ್ಟು ಹಬೆಯ ಕಡೆ ಮೂಗು ಅರಳಿಸಿದ. ಕೊನೆಗೆ ವಿರಹದ ಕ್ಲೋಸಪ್ಪಿನಲ್ಲಿ ಅವನ ಒಂದು ಕೆನ್ನೆ ಉಬ್ಬಿತ್ತು.

ಆ ಕ್ಲಿಪ್ಪನ್ನು ನಾನೇ ಒಯ್ದು ಹುಡುಗಿಗೆ ತೋರಿಸಿದೆ. ಅವಳು ಮೊದಲು ಫ್ಯಾನನ್ನು ನೋಡಿದಳು, ಆಮೇಲೆ ಕೆನ್ನೆಯನ್ನು.

"ಚಿಕ್ಕಮ್ಮಾ, ಯೇ ಮೇರಾ ಗಾನಾ ಹೈ? ಪಪ್ಪಾ ಇದನ್ನ ಮಸಾಲೆದೋಸೆ ಮಾಡಿದ್ದಾರೆ."

ಎದ್ದು ಹೋಟೆಲಿಗೆ ಹೊರಟೇಬಿಟ್ಟಳು. ಚಪ್ಪಲಿ ಅದಲುಬದಲಾಗಿತ್ತು; ನಾನು ಹೇಳಲಿಲ್ಲ.

ನಾವು ಹೋಟೆಲು ತಲುಪುವಷ್ಟರಲ್ಲಿ ಹೀರೋ ಆಫೀಸಿನ ಮೀಟಿಂಗೆಂದು ಕ್ಯಾಬ್ ಹಿಡಿದಿದ್ದ. ಉಳಿದಿದ್ದುದು ಅಗಲಿಕೆಯ ಶಾಟ್ ಒಂದೇ. ಬೆನ್ನು ತಾನೇ ಕಾಣುವುದು ಎಂದು ಭಾವನೇ ಕೋಟು ತೊಟ್ಟರು. ಹೊಟ್ಟೆಯ ಮೇಲೆ ಗುಂಡಿ ಹಾಕಲಾಗಲಿಲ್ಲ. ಮಗಳು ಕ್ಯಾಮೆರಾ ಹಿಡಿದು ಕುಳಿತಳು. ಮಂಜಿನ ಜೊತೆ ಇಡ್ಲಿಯೂ ಬೇಯುತ್ತಿತ್ತಲ್ಲ, ಒಂದು ತಟ್ಟೆ ಅವಳ ಪಕ್ಕದ ಸ್ಟೂಲಿನ ಮೇಲೂ ಬಂತು. ಯಾರೂ ತಿನ್ನು ಎನ್ನಲಿಲ್ಲ.

ಭಾವ ಹಬೆಯತ್ತ ನಡೆದರು. ಇನ್ನೇನು ಮರೆಯಾಗಬೇಕು, ತಿರುಗಿ ನೋಡಿದರು.

"ಪಪ್ಪಾ, ಹೀರೋ ಪಲಟ್ ಕೇ ನಹೀ ದೇಖ್ತಾ, ತಿರುಗಿ ನೋಡಬಾರದು. ಅವನು ಬಿಟ್ಟು ಹೋಗ್ತಾ ಇದ್ದಾನೆ."

"ಅಚ್ಛಾ, ಅಚ್ಛಾ."

ಮತ್ತೆ ಹಬೆ. ಮತ್ತೆ ತಿರುಗಿದರು.

"ಏನ್ ಪ್ರಾಬ್ಲಮ್ ನಿಮ್ದು?"

"ಕುತ್ತಿಗೆ ಹಿಡಿದಿದೆ ಮಗಾ."

ಹಿಡಿದ ಕುತ್ತಿಗೆ ಅಷ್ಟು ಸಲೀಸಾಗಿ ತಿರುಗುತ್ತದೆಯೇ? ನೋಡುವುದೇ ನನ್ನ ಕೆಲಸವಾದ್ದರಿಂದ ನೋಡಿದೆ. ಅವರು ಕ್ಯಾಮೆರಾ ನೋಡುತ್ತಿರಲಿಲ್ಲ. ಸ್ಟೂಲಿನ ಮೇಲಿನ ತಟ್ಟೆ ನೋಡುತ್ತಿದ್ದರು.

ಎಷ್ಟು ಹಿಟ್ಟು ಮಂಜಾಯಿತೋ. ಹಬೆ ತುಂಬಲೆಂದು ಕಾಯುತ್ತಿದ್ದಾಗ, ಸಿಡುಕಿನಲ್ಲೇ, ಹುಡುಗಿಯ ಕೈ ತಟ್ಟೆಗೆ ಹೋಯಿತು. ಇಡ್ಲಿ ಮುರಿದಳು, ಚಟ್ನಿಗೆ ಅದ್ದಿದಳು, ಬಾಯಿಗಿಟ್ಟಳು. ತಿರುಗಿ ನಿಂತಿದ್ದ ಭಾವ ಅದನ್ನು ಕಂಡರು.

"ಒನ್ ಮೋರ್," ಎಂದಳು ಅವಳು, ತುಂಬಿದ ಬಾಯಿಯಲ್ಲೇ.

ಈ ಸಲ ಭಾವ ತಿರುಗಲಿಲ್ಲ. ನೆಟ್ಟಗೆ ನಡೆದು ಹಬೆಯೊಳಗೆ ಮರೆಯಾದರು. ಎಂಥ ಅಗಲಿಕೆ! ಅವಳು ಕಟ್ ಹೇಳುವ ಮೊದಲೇ ಒಳಗಿನಿಂದ ಹೀರೋನ ಧ್ವನಿ ಬಂತು:

"ಮಗಾ, ಇನ್ನೆರಡು ಹಾಕ್ಲಾ?"

ಅವಳು ತಟ್ಟೆಯನ್ನು ಹಬೆಯತ್ತ ಚಾಚಿದಳು.

"ಒಂದು ಸಾಕು, ಪಪ್ಪಾ."