ಹತ್ತು ಸೆಕೆಂಡಿನ ಬಿಸ್ಕತ್ತು

ಹತ್ತೊಂಬತ್ತು ವರ್ಷಗಳ ಹಿಂದೆ, ಹೆಣ್ಣು ಕೇಳಲು ಹೋದ ದಿನ, ಅವನು ಮಾವನಾಗಲಿದ್ದವರಿಗೆ ಒಂದು ಮಾತು ಕೊಟ್ಟಿದ್ದ.

"ಏನು ಕೆಲಸ ನಿಮ್ದು?" ಎಂದು ಅವರು ಕೇಳಿದ್ದರು.

"ಬಿಸ್ಕತ್ ಕಾರ್ಖಾನೇಲಿ ಪರೀಕ್ಷಕ. ಬಿಸ್ಕತ್ತನ್ನ ಹಾಲಲ್ಲಿ ಅದ್ದಿ, ಎಷ್ಟು ಸೆಕೆಂಡಿಗೆ ಮುರಿದು ಬೀಳುತ್ತೆ ಅಂತ ನೋಡಿ ಬರೀತೀನಿ."

"ಆಮೇಲೆ?"

"ಆಮೇಲೆ ಇನ್ನೊಂದು ಬಿಸ್ಕತ್ತು."

ಮಾವ ತೂಕ-ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ತಕ್ಕಡಿ ಕಲ್ಲುಗಳಿಗೆ ಮುದ್ರೆ ಒತ್ತಿ ಒತ್ತಿ, ನಗುವನ್ನೂ ಗ್ರಾಮಿನ ಲೆಕ್ಕದಲ್ಲಿ ಕೊಡುತ್ತಿದ್ದ ಆಸಾಮಿ. "ಇದಕ್ಕೂ ಸಂಬಳ ಕೊಡ್ತಾರಾ?" ಎಂದು ಕೇಳಿ, ತಾವೇ ಮುಂದುವರಿಸಿದರು: "ಕೆಲಸ ಎಷ್ಟೇ ಸಣ್ಣದಿರಲಿ, ಸುಳ್ಳಿಗೆ ಸಹಿ ಹಾಕಲ್ಲ ಅಂತ ಮಾತು ಕೊಡಿ. ಹಾಕಿದ ದಿನ ನನ್ನ ಮಗಳನ್ನ ಟ್ರಂಕ್ ಸಮೇತ ವಾಪಸ್ ಕರ್ಕೊಂಡು ಹೋಗ್ತೀನಿ."

ಬಾಗಿಲ ಸಂದಿಯಲ್ಲಿ ಹುಡುಗಿ ನಗುತ್ತಿದ್ದಳು. ಆ ಗಳಿಗೆಯಲ್ಲಿ ಮಾತಲ್ಲ, ಮೂತ್ರಪಿಂಡ ಕೇಳಿದ್ದರೂ ಅವನು ಕೊಡುತ್ತಿದ್ದ.

ಅಂದಿನಿಂದ ಕಂಪನಿಯ ಪ್ರತಿ ಪ್ಯಾಕೆಟ್ಟಿನ ಬೆನ್ನ ಮೇಲೆ 'ಹಾಲಿನಲ್ಲಿ ಹತ್ತು ಸೆಕೆಂಡು ಗಟ್ಟಿ' ಎಂಬ ಸಾಲು, ಅದರ ಕೆಳಗೆ ಅವನ ಸಹಿ. ಕಾರ್ಖಾನೆಯಲ್ಲಿ ಅವನ ನಿಜವಾದ ಹೆಸರು ಸಂಬಳದ ಚೀಟಿಗೆ ಮಾತ್ರ ಗೊತ್ತು. ಮಿಕ್ಕವರಿಗೆಲ್ಲ ಅವನು ಅದ್ದಪ್ಪ. ಮಾವನಿಗೆ ಕೊಟ್ಟ ಮಾತಿನ ಕತೆ ಮಾತ್ರ ಎಲ್ಲರಿಗೂ ಗೊತ್ತು.

ಇವತ್ತು ಬೆಳಿಗ್ಗೆ ಅದ್ದಪ್ಪ ಪರೀಕ್ಷೆ ಕೋಣೆಯ ಬೀಗ ತೆಗೆಯುವುದಕ್ಕೂ, ಮಾರಾಟದ ಸಾಹೇಬರು ಕಂಕುಳಲ್ಲಿ ನಾಲ್ಕು ಡಬ್ಬ ಅವಚಿಕೊಂಡು ಬರುವುದಕ್ಕೂ ಸರಿಹೋಯಿತು. ಸೋಯಾ, ಓಟ್ಸ್, ಬಾದಾಮಿ, ತೆಂಗು. ಮೇಜಿನ ಮೇಲೆ ಸಾಲಾಗಿ ಇಟ್ಟರು.

"ಹಸುವಿನ ಹಾಲು ಹಳೇ ಕತೆ ಆಯ್ತು ಅದ್ದಪ್ಪನೋರೆ. ಜನ ಎಲ್ಲ ಗಿಡದ ಹಾಲಿಗೆ ಹೋಗಿದಾರೆ. ನಾವು ಅವರ ಹಿಂದೆ ಬಿಸ್ಕತ್ ಹಿಡ್ಕೊಂಡು ಹೋಗ್ಬೇಕು." ಜೇಬಿನಿಂದ ಹೊಸ ಹೊದಿಕೆ ತೆಗೆದು ಬಿಡಿಸಿದರು. 'ಯಾವ ಹಾಲಿಗಾದರೂ ಸೈ! ಹತ್ತು ಸೆಕೆಂಡು ಗಟ್ಟಿ!' ಕೆಳಗೆ ಅದ್ದಪ್ಪನ ಸಹಿ.

"ಪರೀಕ್ಷೆ ಇನ್ನೂ ಆಗೇ ಇಲ್ವಲ್ಲ ಸಾರ್?"

"ಪ್ರಿಂಟಾಗಿದೆಯಲ್ಲ! ಮೂರು ಲಕ್ಷ ಪ್ಯಾಕೂ ಆಗಿದೆ. ಪರೀಕ್ಷೆ ನೀವು ಮಾಡ್ಕೊಳ್ಳಿ, ಬೇಡ ಅಂದೋರ್ ಯಾರು?"

"ನನ್ನ ಸಹೀನೂ ಆಗಲೇ ಬಿದ್ದಿದೆ..."

"ಅದು ಹಳೇ ಹೊದಿಕೆಯ ಅಚ್ಚು. ವರದಿ ಮೇಲೆ ಹೊಸದು ಒಂದು ಬೇಕು. ನಾಳೆ ಯಾರಾದ್ರೂ ಬಂದು ಕೇಳಿದ್ರೆ ನಿಮ್ಮನ್ನ ತೋರಿಸ್ಬೇಕಲ್ಲ?" ಸಾಹೇಬರು ಬಾಗಿಲವರೆಗೆ ಹೋಗಿ ತಿರುಗಿದರು. "ನಾಲ್ಕು ಗಂಟೆಗೆ ಸಹಿ, ಐದಕ್ಕೆ ಲಾರಿ. ಆಗಲ್ಲ ಅಂದ್ರೆ ಹೇಳ್ಬಿಡಿ, ಅದ್ದೋ ಮೆಷಿನ್ ಬಂದಿದೆಯಂತೆ. ಅದಕ್ಕೆ ಸಂಬಳ ಬೇಡ, ರಜ ಬೇಡ. ಮಾವನಂತೂ ಇಲ್ವೇ ಇಲ್ಲ."

ಪರೀಕ್ಷೆಯ ಕ್ರಮವೆಂದರೆ, ಮೊದಲು ಒಂದು ಲೋಟ ಹಾಲು ಕುಡಿಯಬೇಕು, ರುಚಿ ಬರೆಯಬೇಕು, ಆಮೇಲೆ ಅದ್ದಬೇಕು. ಅದ್ದಪ್ಪ ಮೊದಲು ಹಸುವಿನ ಹಾಲು ಕುಡಿದ. ಬಿಸ್ಕತ್ತು ಹನ್ನೊಂದು ಸೆಕೆಂಡು, ಕಾವಲಿನವನ ಹಾಗೆ ನೆಟ್ಟಗೆ ನಿಂತಿತು. ಆಮೇಲೆ ಸೋಯಾ. ನೆನೆಹಾಕಿ ಮರೆತುಹೋದ ಕಾಳಿನ ಪಾತ್ರೆಯ ನೆನಪಾಯಿತು. ಬಿಸ್ಕತ್ತು ನಾಲ್ಕನೇ ಸೆಕೆಂಡಿಗೆ ಸೊಂಟ ಮುರಿದುಕೊಂಡು ಮುಳುಗಿತು. ಓಟ್ಸ್ ಹಾಲು, ಅಕ್ಕಿ ತೊಳೆದ ನೀರಿಗೆ ಸಕ್ಕರೆ ಹಾಕಿ ಕ್ಷಮೆ ಕೇಳಿದಂತಿತ್ತು. ಮೂರು ಸೆಕೆಂಡು. ಬಾದಾಮಿ ಹಾಲು ಕುಡಿದರೆ, ಬಾದಾಮಿ ಯಾವತ್ತೋ ಈ ದಾರಿಯಲ್ಲಿ ಹಾದುಹೋಗಿತ್ತು ಎನ್ನುವುದು ಮಾತ್ರ ತಿಳಿಯುತ್ತಿತ್ತು. ಎರಡು ಸೆಕೆಂಡು. ತೆಂಗಿನದು ತಲೆಗೆ ಹಚ್ಚಬೇಕಾದ್ದನ್ನು ಬಾಯಿಗೆ ಹೊಯ್ದಂತೆ. ಅದರಲ್ಲೂ ಎರಡೇ ಸೆಕೆಂಡು. ಪ್ರತಿ ಸಲವೂ ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ.

ಮತ್ತೊಮ್ಮೆ ಮಾಡಿದ. ಮಗದೊಮ್ಮೆ ಮಾಡಿದ. ಹನ್ನೆರಡರ ಹೊತ್ತಿಗೆ ಅವನ ಹೊಟ್ಟೆಯಲ್ಲಿ ಐದು ಜಾತಿಯ ಹಾಲು ಒಂದರ ಮೇಲೊಂದು ಬಿದ್ದು ಜಗಳವಾಡುತ್ತಿದ್ದವು.

ಸುದ್ದಿ ಊಟದ ಕೋಣೆಗೆ ಹೋಗಿ, ಅಲ್ಲಿಂದ ಇಬ್ಬರು ಸಲಹೆಗಾರರನ್ನು ಕರೆದುಕೊಂಡು ಬಂತು. ಒಬ್ಬರು ಸ್ಟೋರಿನ ಅಕ್ಕ. ಕಾರ್ಖಾನೆಗೆ ಹಸುವಿನ ಹಾಲು ಹಾಕುವುದು ಅವರ ತಮ್ಮನೇ. ಇನ್ನೊಬ್ಬ ಲೆಕ್ಕದ ಗುಮಾಸ್ತ. ಮೂರು ತಿಂಗಳಿಂದ ಬಾದಾಮಿ ಹಾಲಿನ ಪಥ್ಯದಲ್ಲಿದ್ದು, ತೂಕ ಇಳಿಯದೆ ಅಹಂಕಾರ ಮಾತ್ರ ಏರಿಸಿಕೊಂಡವನು.

"ಬೆಳ್ಳಗಿರೋದೆಲ್ಲ ಹಾಲಲ್ಲ ಕಣಪ್ಪ," ಎಂದರು ಅಕ್ಕ. "ಬಾದಾಮಿಗೆ ಕೆಚ್ಚಲು ಎಲ್ಲಿದೆ ಅಂತ ತೋರಿಸಲಿ ನೋಡೋಣ."

"ಅಕ್ಕ, ದೊಡ್ಡೋರಾದ್ಮೇಲೂ ಬೇರೆಯವರ ಕರುವಿನ ಪಾಲು ಕುಡಿಯೋ ಪ್ರಾಣಿ ನಾವೊಬ್ರೇ," ಎಂದ ಗುಮಾಸ್ತ.

"ಬಿಸ್ಕತ್ ತಿನ್ನೋ ಪ್ರಾಣೀನೂ ನಾವೊಬ್ರೇ. ಬಿಟ್ಬಿಡು ಹಾಗಾದ್ರೆ!"

"ಇಬ್ರೂ ಸ್ವಲ್ಪ ಸುಮ್ನಿರಿ, ಎಣಿಕೆ ತಪ್ಪುತ್ತೆ," ಎಂದ ಅದ್ದಪ್ಪ.

"ತಪ್ಪಲಿ ಬಿಡಿ!" ಗುಮಾಸ್ತನ ಕಣ್ಣು ಹೊಳೆಯಿತು. "ಎಣಿಸೋದು ನೀವೇ ತಾನೇ? ಸ್ವಲ್ಪ ಬೇಗ ಎಣಿಸಿ. ಒಂದೆರಡ್ಮೂರ್ನಾಕೈದಾರೇಳೆಂಟೊಂಬತ್ತತ್ತು! ನೋಡಿ, ಆಯ್ತು. ವರ್ಷದ ಕೊನೇಲಿ ನಾನು ಮಾಡೋದೂ ಇಷ್ಟೇ."

"ಸ್ಟಾಪ್‌ವಾಚ್ ಇದೆಯಲ್ಲಪ್ಪ."

ಗುಮಾಸ್ತ ಅದನ್ನು ನೋಡುವ ನೆಪದಲ್ಲಿ ಕೈಗೆ ತೆಗೆದುಕೊಂಡ, ಅಕ್ಕ ಕಿತ್ತುಕೊಳ್ಳಲು ಹೋದರು, ಸ್ಟಾಪ್‌ವಾಚು ಓಟ್ಸ್ ಹಾಲಿಗೆ ಬಿತ್ತು. ಇಡೀ ದಿನದಲ್ಲಿ ಆ ಹಾಲಲ್ಲಿ ಮುರಿಯದೆ ಉಳಿದದ್ದು ಅದೊಂದೇ. ಆದರೆ ನಿಂತುಹೋಯಿತು. ಮಿಕ್ಕ ಪರೀಕ್ಷೆಗೆ ಗೋಡೆ ಗಡಿಯಾರವೇ ಗತಿಯಾಯಿತು. ಗಡಿಯಾರ ನೋಡಿದರೆ ಬಿಸ್ಕತ್ತು ಬೀಳುತ್ತಿತ್ತು, ಬಿಸ್ಕತ್ತು ನೋಡಿದರೆ ಹೊತ್ತು ಓಡುತ್ತಿತ್ತು.

"ಬಿಸ್ಕತ್ತಿನ ತುದಿ ಮಾತ್ರ ತಾಗಿಸು," ಎಂದರು ಅಕ್ಕ.

"ಅದು ಅದ್ದೋದಲ್ಲ ಅಕ್ಕ, ವಾಸನೆ ತೋರಿಸೋದು."

"ಕೆಲಸ ಹೋದ್ಮೇಲೆ ಅದೂ ಇರಲ್ಲ ನಿನಗೆ. ನಿನ್ನ ಹೆಂಡತಿಗೊಂದು ಫೋನ್ ಮಾಡಿದೀನಿ. ಅವಳ ಮಾತಾದ್ರೂ ಕೇಳ್ತೀಯೇನೋ."

ಮೂರು ಗಂಟೆಗೆ ಹೆಂಡತಿಯ ಫೋನು ಬಂತು. "ಏನ್ರೀ ಇದು, ಒಂದು ಬಿಸ್ಕತ್ತಿಗೋಸ್ಕರ ಸಂಸಾರ ಮುಳುಗಿಸ್ತೀರಾ? ಸಹಿ ಹಾಕಿ ಬನ್ನಿ."

"ನಿಮ್ಮಪ್ಪಂಗೆ ಮಾತು ಕೊಟ್ಟಿದೀನಲ್ಲೇ."

"ಅಪ್ಪ ಇಲ್ಲೇ ಇದಾರೆ. ತಗೊಳ್ಳಿ, ಅವರನ್ನೇ ಕೇಳಿ."

ಇನ್ಸ್‌ಪೆಕ್ಟರು ನಿವೃತ್ತರಾಗಿ ಏಳು ವರ್ಷದಿಂದ ಮಗಳ ಮನೆಯಲ್ಲೇ ಇದ್ದರು. ಫೋನಿನಲ್ಲಿ ಗಂಟಲು ಸರಿಮಾಡಿಕೊಂಡ ಸದ್ದು ಕೇಳಿತು.

"ಅಳಿಯಂದ್ರೇ, ಹತ್ತಕ್ಕೆ ಎಷ್ಟು ಕಮ್ಮಿ ಬರ್ತಾ ಇದೆ?"

"ಎಂಟು ಕಮ್ಮಿ ಮಾವ."

"ಹೂಂ. ತಕ್ಕಡಿ ಅಂದ್ಮೇಲೆ ಸ್ವಲ್ಪ ಆಚೆ ಈಚೆ ಇರುತ್ತೆ. ಹಾಕ್ಬಿಡಿ."

"ಮಾವ! ಅವತ್ತು ನೀವೇ ತಾನೇ..."

"ಅವತ್ತು ನನಗೆ ನನ್ನದೇ ಸಂಬಳ ಇತ್ತಪ್ಪ. ಈಗ ನಾನು ಕೂಡ ನಿಮ್ಮ ಸಹಿ ಮೇಲೇ ಊಟ ಮಾಡ್ತಾ ಇರೋದು. ಟ್ರಂಕ್ ಬೇರೆ ತುಕ್ಕು ಹಿಡಿದಿದೆ, ನಿಮ್ಮ ಅತ್ತೆ ಅದರಲ್ಲಿ ಹಳೇ ಪಾತ್ರೆ ತುಂಬಿದಾಳೆ."

ಅದ್ದಪ್ಪ ಫೋನ್ ಇಟ್ಟ. ಮಾತು ತೆಗೆದುಕೊಂಡವರೇ ಬೇಡವೆಂದು ವಾಪಸು ಕೊಟ್ಟಿದ್ದರು. ಅವನಿಗೆ ಸಿಟ್ಟು ಬಂತು. ಯಾರ ಮೇಲೆಂದು ತಿಳಿಯದ್ದರಿಂದ ಪೆನ್ನಿನ ಮೇಲೆ ಬಂತು. ಹತ್ತೊಂಬತ್ತು ವರ್ಷ ಅದ್ದಪ್ಪ ಎಂದು ಕರೆಸಿಕೊಂಡವನಿಗೆ ನೆಟ್ಟಗೆ ಉಳಿದದ್ದು ಆ ಸಹಿಯೊಂದೇ. ಒತ್ತಿ ಒತ್ತಿ ಬರೆದ:

'ಹಸುವಿನ ಹಾಲು: ಹನ್ನೊಂದು ಸೆಕೆಂಡು ಗಟ್ಟಿ. ಸೋಯಾ: ನಾಲ್ಕು. ಓಟ್ಸ್: ಮೂರು. ಬಾದಾಮಿ, ತೆಂಗು: ಎರಡು. ಗಿಡದ ಹಾಲು ಮುಟ್ಟಿದ ಕೂಡಲೇ ಬಿಸ್ಕತ್ತು ಕರಗಿ ಹೋಗುತ್ತದೆ. ಅಗಿಯಲು ಏನೂ ಉಳಿಯುವುದಿಲ್ಲ.'

ಕೆಳಗೆ ಸಹಿ ಹಾಕಿದ.

ನಾಲ್ಕಕ್ಕೆ ಸಾಹೇಬರು ಬಂದರು. ಓದಿದರು. ಮುಖ ಕೆಂಪಾಯಿತು. ಸ್ಟೋರಿನ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡರು. ಗುಮಾಸ್ತ ಮೆಲ್ಲಗೆ ಬಾಗಿಲ ಕಡೆ ಸರಿದ. ಸಾಹೇಬರು ಮತ್ತೆ ಓದಿದರು. ಮೂರನೇ ಸಲ ಜೋರಾಗಿ ಓದಿದರು.

"'ಮುಟ್ಟಿದ ಕೂಡಲೇ ಬಿಸ್ಕತ್ತು ಕರಗಿ ಹೋಗುತ್ತದೆ...' ಅದ್ದಪ್ಪನೋರೆ!"

"ಸಾರ್, ನನ್ನ ಕೆಲಸ ಹೋದ್ರೂ ಸರಿ..."

"'ಅಗಿಯಲು ಏನೂ ಉಳಿಯುವುದಿಲ್ಲ!' ಹಲ್ಲೇ ಬೇಡ ಅಂದ್ರಾ? ಮಕ್ಕಳಿಗೆ, ಮುದುಕರಿಗೆ, ಎಲ್ಲರಿಗೂ ಆಯ್ತಲ್ರೀ! ಗಟ್ಟಿ ಬೇಕಾದೋರಿಗೆ ಹಸುವಿನ ಹಾಲು, ಮೃದು ಬೇಕಾದೋರಿಗೆ ಗಿಡದ ಹಾಲು! ಇಂಥ ತಲೇನ ಇಷ್ಟು ವರ್ಷ ಲೋಟದಲ್ಲಿ ಅದ್ದಿ ಇಟ್ಟಿದ್ವಲ್ಲ!" ಸಾಹೇಬರು ಅವನನ್ನು ತಬ್ಬಿಕೊಂಡರು. ಅದ್ದಪ್ಪನ ಹೊಟ್ಟೆಯಲ್ಲಿ ಐದೂ ಹಾಲು ಒಟ್ಟಿಗೆ ಕದಲಿದವು. "ಲಾರಿ ನಿಲ್ಸಿ! ಸ್ಟಿಕ್ಕರ್ ಮಾಡ್ಸಿ! 'ಗಿಡದ ಹಾಲು ಮುಟ್ಟಿದ ಕೂಡಲೇ ಕರಗುತ್ತದೆ', ಕೆಳಗೆ ಇವರ ಸಹಿ!"

ಅಕ್ಕ ಚಪ್ಪಾಳೆ ತಟ್ಟಿದರು. ಗುಮಾಸ್ತ ಬಾಗಿಲಿನಿಂದ ವಾಪಸು ಬಂದು, ಇದು ಮೊದಲಿಂದಲೂ ತನ್ನದೇ ಅಭಿಪ್ರಾಯ ಎಂದ.

"ಹಾಗಾದ್ರೆ ನನ್ನ ಕೆಲಸ ಉಳೀತಾ ಸಾರ್?" ಎಂದು ಕೇಳಿದ ಅದ್ದಪ್ಪ.

"ಯಾವ ಕೆಲಸ?" ಸಾಹೇಬರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ನೀವೇ ಯೋಚನೆ ಮಾಡಿ. ಇನ್ಮೇಲೆ ನಮ್ಮ ಬಿಸ್ಕತ್ ಬಿದ್ರೂ ಒಳ್ಳೇದು, ಬೀಳದಿದ್ರೂ ಒಳ್ಳೇದು. ಅದನ್ನ ನೋಡೋಕೆ ಒಬ್ಬ ಯಾಕೆ? ಮೆಷಿನ್ ಖರ್ಚೂ ಉಳೀತು. ಏನೂ ಬೇಜಾರು ಮಾಡ್ಕೋಬೇಡಿ, ಪ್ಯಾಕಿಂಗಲ್ಲಿ ಕೈ ಕಮ್ಮಿ ಇದೆ. ದಿನಗೂಲಿ ಕೊಡ್ತಾರೆ."

ಆರು ಗಂಟೆಗೆ ಪ್ಯಾಕಿಂಗ್ ಕೋಣೆಯ ಉದ್ದನೆ ಬೆಂಚಿನ ತುದಿಯಲ್ಲಿ ಅವನಿಗೊಂದು ಜಾಗ ಸಿಕ್ಕಿತು. ಪಕ್ಕದಲ್ಲಿ ಬಿಸಿ ಬಿಸಿಯಾಗಿ ಪ್ರಿಂಟಾಗಿ ಬಂದ ಸ್ಟಿಕ್ಕರಿನ ಸುರುಳಿ, ಎದುರಿಗೆ ಮೂರು ಲಕ್ಷ ಪ್ಯಾಕೆಟ್ಟಿನ ಗುಡ್ಡೆ. ಅದ್ದಪ್ಪ ಮೊದಲನೆಯದನ್ನು ಎಳೆದುಕೊಂಡು, 'ಹತ್ತು ಸೆಕೆಂಡು ಗಟ್ಟಿ' ಮುಚ್ಚುವಂತೆ, ತನ್ನ ಹಳೆಯ ಸಹಿಯ ಮೇಲೆ ಹೊಸ ಸಹಿ ಅಂಟಿಸಿ, ಹೆಬ್ಬೆರಳಿನಿಂದ ತೀಡಿದ.

ಮಾವನಿಗೆ ಕೊಟ್ಟ ಮಾತನ್ನು ಅವನು ಉಳಿಸಿಕೊಂಡ.